ಕಟಾವಾದ ಹೊಲದಲ್ಲಿ ಕುರಿಗಳು ಸಾಯುವುದೇಕೆ?

ಮೆಕ್ಕೆಜೋಳದ ಕಟಾವು ಮುಗಿಯುವ ಹೊತ್ತಿಗೆ ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳಿಂದ ಒಂದೇ ಬಗೆಯ ಸುದ್ದಿ ಮತ್ತೆ ಮತ್ತೆ ಬರುತ್ತದೆ: ಹೊಲದಲ್ಲಿ ಮೇಯ್ದು ಬಂದ ಕುರಿಗಳು ರಾತ್ರಿ ಕಳೆಯುವುದರೊಳಗೆ ಸತ್ತಿವೆ. ಕಾರಣದ ಜಾಗದಲ್ಲಿ ಹೆಚ್ಚಾಗಿ ಕಾಣುವುದು ‘ವಿಷಾಹಾರ ಸೇವನೆ’ ಎಂಬ ಎರಡು ಪದ. ಹಟ್ಟಿಯಲ್ಲಿ ವಿಚಾರಿಸಿದರೆ ಬೆಳೆಗೆ ಹೊಡೆದ ಔಷಧಿ ಎನ್ನುತ್ತಾರೆ, ಇಲ್ಲವೇ ಯಾರದೋ ದೃಷ್ಟಿ ತಾಗಿತು ಎನ್ನುತ್ತಾರೆ. ಕೀಟನಾಶಕದಿಂದ ಸಾಯುವ ಕುರಿಗಳು ಇವೆ, ನಿಜ. ಎಳೆಯ ಕುಳೆ ಜೋಳ ತಿಂದು ಅದರಲ್ಲಿನ ಸಯನೈಡಿನಿಂದ ನೋಡನೋಡುತ್ತಲೇ ಉಸಿರುಗಟ್ಟಿ ಬೀಳುವ ಕುರಿಗಳೂ ಇವೆ. ಆದರೆ ಹೊಟ್ಟೆ ಬಿರಿಯುವಷ್ಟು ಕಾಳು ತಿಂದು, ಮೆಲುಕು ನಿಲ್ಲಿಸಿ, ತಲೆ ಜೋತು ಹಾಕಿ ರಾತ್ರಿಯೆಲ್ಲ ನಿಂತು, ಮರುದಿನ ಪ್ರಾಣ ಬಿಡುವ ಕುರಿಗೆ ಹೊರಗಿನ ಯಾವ ವಿಷವೂ ಬೇಕಾಗಿರುವುದಿಲ್ಲ. ವಿಷ ತಯಾರಾಗುವುದು ಅದರ ಹೊಟ್ಟೆಯಲ್ಲೇ. ಹೇಗೆ ಎಂದು ತಿಳಿಯಬೇಕಾದರೆ ಕುರಿಯ ಜೀರ್ಣರಸಗಳನ್ನೂ ಕರುಳಿನ ಚಲನೆಯನ್ನೂ ಆಳುವ ನರ ಮತ್ತು ಹಾರ್ಮೋನುಗಳ ವ್ಯವಸ್ಥೆಯನ್ನು ನೋಡಬೇಕು. ಅದನ್ನು ನೋಡಿದರೆ ಈ ಸಾವುಗಳಲ್ಲಿ ಹೆಚ್ಚಿನವನ್ನು ತಡೆಯಬಹುದು ಎಂಬುದೂ ಗೊತ್ತಾಗುತ್ತದೆ. ನನ್ನ ಸಿಟ್ಟು ಇರುವುದು ಅಲ್ಲಿಯೇ: ತಡೆಯಬಹುದಾದ ಸಾವಿಗೆ ನಾವು ಪರಿಹಾರದ ಅರ್ಜಿ ಬರೆಯುವುದರಲ್ಲೇ ಇದ್ದೇವೆ.

2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಸುಮಾರು 1.11 ಕೋಟಿ ಕುರಿಗಳಿದ್ದವು. ತೆಲಂಗಾಣ, ಆಂಧ್ರಪ್ರದೇಶಗಳ ನಂತರ ದೇಶದಲ್ಲಿ ಮೂರನೆಯ ಸ್ಥಾನ ನಮ್ಮದು. ಈ ಭಾಗಕ್ಕೆ ತನ್ನದೇ ತಳಿಗಳಿವೆ. ಬಿಳಿ, ಕಪ್ಪು, ಎರಡೂ ಬೆರೆತ ಬಣ್ಣಗಳ ಬಳ್ಳಾರಿ ಕುರಿ ಒಂದು. ಹಳೆಯ ರಾಯಚೂರು ಜಿಲ್ಲೆಯ ಗುಡ್ಡಗಾಡಿನ ಕೆಂಗುರಿ ಇನ್ನೊಂದು. ಎರಡೂ ಒಣ ನೆಲದ ಕುರಿಗಳು. ಕಲ್ಲುಗುಡ್ಡದ ಕರಕು ಹುಲ್ಲು, ಜಾಲಿಯ ಕಾಯಿ, ಬದುವಿನ ಸೊಪ್ಪು ತಿನ್ನುತ್ತ ದಿನವಿಡೀ ನಡೆಯುವ ಹೊಟ್ಟೆ ಅವುಗಳದು. ಈಗ ಬದಲಾಗಿರುವುದು ಮೇವು. ಗೋಮಾಳಗಳು ಕಿರಿದಾಗಿವೆ. ಕೊಪ್ಪಳದ ಸುತ್ತ ಕಾರ್ಖಾನೆಗಳು, ಕುಷ್ಟಗಿ–ಯಲಬುರ್ಗಾದ ಬಯಲಿನಲ್ಲಿ ಗಾಳಿಯಂತ್ರಗಳು ಎದ್ದಿವೆ. ಮಳೆಯಾಶ್ರಿತ ಹೊಲಗಳಿಗೆ ಮೆಕ್ಕೆಜೋಳ ಬಂದು ಕೂತಿದೆ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ತುಂಗಭದ್ರಾ ಕಾಲುವೆಯ ಗದ್ದೆಗಳಲ್ಲಿ ಕೊಯ್ಲು ಯಂತ್ರ ಓಡಿದ ಮೇಲೆ ಭತ್ತ ನೆಲದ ಮೇಲೆ ಉದುರಿ ಬಿದ್ದಿರುತ್ತದೆ. ತಿಂಗಳುಗಟ್ಟಲೆ ನಾರು ತಿಂದ ಹಿಂಡು ಒಂದು ಬೆಳಿಗ್ಗೆ ಕಾಳಿನ ಹಾಸಿಗೆಯ ಮೇಲೆ ಇಳಿಯುತ್ತದೆ. ಹೊಲದವರಿಗೆ ಗೊಬ್ಬರ ಬೇಕು, ಕುರಿಯವರಿಗೆ ಮೇವು ಬೇಕು. ಇಬ್ಬರಿಗೂ ಅದು ಒಳ್ಳೆಯ ದಿನವೆಂದೇ ಅನಿಸುತ್ತದೆ.

ಕುರಿಯ ಮೊದಲ ಹೊಟ್ಟೆ, ಅಂದರೆ ರೂಮೆನ್, ಜೀರ್ಣರಸವನ್ನು ಸುರಿಸುವುದೇ ಇಲ್ಲ. ಅಲ್ಲಿ ಕೆಲಸ ಮಾಡುವುದು ಸೂಕ್ಷ್ಮಜೀವಿಗಳು. ಅವು ನಾರನ್ನು ಹುದುಗಿಸಿ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಎಂಬ ಆಮ್ಲಗಳನ್ನು ಕೊಡುತ್ತವೆ. ಕುರಿ ಬದುಕುವುದು ಬಹುಪಾಲು ಈ ಆಮ್ಲಗಳ ಶಕ್ತಿಯ ಮೇಲೆ. ಆಮ್ಲ ಅತಿಯಾಗದಂತೆ ನೋಡಿಕೊಳ್ಳುವುದು ಜೊಲ್ಲು. ಒಂದು ಕುರಿ ದಿನಕ್ಕೆ 6ರಿಂದ 16 ಲೀಟರ್‌ವರೆಗೆ ಕ್ಷಾರೀಯ ಜೊಲ್ಲನ್ನು ಸುರಿಸಿ ನುಂಗುತ್ತದೆ. ಮೆಲುಕು ಹಾಕಿದಷ್ಟೂ ಜೊಲ್ಲು ಹೆಚ್ಚು. ನಾರು ಇದ್ದಷ್ಟೂ ಮೆಲುಕು ಹೆಚ್ಚು. ಕಾಳಿಗೆ ಮೆಲುಕು ಬೇಕಾಗುವುದಿಲ್ಲ. ಹೀಗಾಗಿ ಆಮ್ಲ ಹೆಚ್ಚಬೇಕಾದ ದಿನವೇ ಅದನ್ನು ತಗ್ಗಿಸುವ ಜೊಲ್ಲು ಕಡಿಮೆಯಾಗುತ್ತದೆ.

ಆರೋಗ್ಯವಂತ ಕುರಿಯ ಎಡಪಕ್ಕೆಯಲ್ಲಿ, ಕೊನೆಯ ಪಕ್ಕೆಲುಬಿನ ಹಿಂದಿನ ಗುಳಿಯಲ್ಲಿ, ಮುಷ್ಟಿಯನ್ನು ಮೆತ್ತಗೆ ಒತ್ತಿ ಹಿಡಿಯಿರಿ. ನಿಮಿಷಕ್ಕೆ ಒಂದೆರಡು ಸಲ ಒಳಗಿನಿಂದ ಏನೋ ಹೊರಳಿ ಬಂದು ಕೈಯನ್ನು ಎತ್ತಿ ಇಳಿಸುತ್ತದೆ. ಅದು ರೂಮೆನ್ ತನ್ನೊಳಗಿನದನ್ನು ಕಲಸುವ ಅಲೆ. ಈ ಅಲೆಯನ್ನು ಹೊರಡಿಸುವುದು ಹಾರ್ಮೋನಲ್ಲ, ಮಿದುಳಿನ ಬುಡದಿಂದ ಬರುವ ವೇಗಸ್ ನರ. ಆ ನರವನ್ನು ಕತ್ತರಿಸಿದರೆ ಮೊದಲ ಹೊಟ್ಟೆಯ ಕ್ರಮಬದ್ಧ ಚಲನೆ ನಿಂತೇ ಹೋಗುತ್ತದೆ. ಹಾರ್ಮೋನುಗಳ ಪಾತ್ರ ಇಲ್ಲಿ ಮುಖ್ಯವಾಗಿ ತಡೆಯುವುದು. ಅವು ಮೊದಲ ಹೊಟ್ಟೆಗೆ ಕೆಲಸ ಹಚ್ಚುವುದಿಲ್ಲ. ಕೆಳಗಿನ ಕರುಳಿನ ಪರವಾಗಿ ಅದನ್ನು ನಿಧಾನಿಸುತ್ತವೆ. ಈ ಒಂದು ಸಂಗತಿಯನ್ನು ಹಿಡಿದುಕೊಂಡರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ನಮ್ಮ ಹೊಟ್ಟೆಗೆ ಸಮನಾದದ್ದು ಕುರಿಯ ನಾಲ್ಕನೆಯ ಹೊಟ್ಟೆ, ಅಬೊಮೇಸಮ್. ಮನುಷ್ಯರಲ್ಲಿ ಊಟದ ಹೊತ್ತಿಗೆ ಆಮ್ಲ ಉಕ್ಕುತ್ತದೆ, ಆಮೇಲೆ ಇಳಿಯುತ್ತದೆ. ಕುರಿಯಲ್ಲಿ ಹಾಗಿಲ್ಲ. ಮೊದಲ ಹೊಟ್ಟೆಯಿಂದ ಹಗಲೂ ರಾತ್ರಿಯೂ ಅರೆದ ಮೇವು ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತಲೇ ಇರುವುದರಿಂದ ನಾಲ್ಕನೆಯ ಹೊಟ್ಟೆ ಹೆಚ್ಚುಕಡಿಮೆ ಎಡೆಬಿಡದೆ ಆಮ್ಲ ಸುರಿಸುತ್ತದೆ. ಅದರ ಕೆಳತುದಿಯ ಜೀವಕೋಶಗಳು ಗ್ಯಾಸ್ಟ್ರಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ರಕ್ತದಲ್ಲಿ ಸುತ್ತಿ ಬಂದ ಗ್ಯಾಸ್ಟ್ರಿನ್ ಅದೇ ಹೊಟ್ಟೆಯ ಗೋಡೆಗೆ ಆಮ್ಲ ಸುರಿಸುವಂತೆ ಹೇಳುತ್ತದೆ. ಆಮ್ಲ ಸಾಕಷ್ಟಾದರೆ ಗ್ಯಾಸ್ಟ್ರಿನ್ ತಾನಾಗಿ ತಗ್ಗುತ್ತದೆ, ಆಮ್ಲ ಕಡಿಮೆಯಾದರೆ ಏರುತ್ತದೆ. ಅದು ಏರಿದಾಗ ಮೊದಲ ಮತ್ತು ಎರಡನೆಯ ಹೊಟ್ಟೆಗಳ ಅಲೆಯನ್ನು ಕುಗ್ಗಿಸುತ್ತದೆ ಎಂಬುದು ಕುರಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ.

ಅಲ್ಲಿಂದ ಮುಂದೆ ಸಣ್ಣ ಕರುಳು. ಹಾರ್ಮೋನ್ ಎಂಬ ಕಲ್ಪನೆಯೇ ಹುಟ್ಟಿದ್ದು ಇಲ್ಲಿ. 1902ರಲ್ಲಿ ಲಂಡನ್ನಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ನಾಯಿಯ ಕರುಳಿನ ಒಂದು ಭಾಗಕ್ಕೆ ಹೋಗುವ ನರಗಳನ್ನು ಕತ್ತರಿಸಿ, ಅದರೊಳಗೆ ಆಮ್ಲ ಬಿಟ್ಟರು. ನರದ ಸಂಪರ್ಕವೇ ಇಲ್ಲದಿದ್ದರೂ ಮೇದೋಜ್ಜೀರಕ ಗ್ರಂಥಿಯಿಂದ ರಸ ಹರಿಯಿತು. ಸುದ್ದಿಯನ್ನು ಒಯ್ದದ್ದು ರಕ್ತ. ಆ ಸಂದೇಶವಾಹಕವನ್ನು ಅವರು ಸಿಕ್ರೆಟಿನ್ ಎಂದು ಕರೆದರು. ಹೊಟ್ಟೆಯ ಆಮ್ಲ ಕರುಳಿಗೆ ಇಳಿದಾಗ ಸಿಕ್ರೆಟಿನ್ ಹೊರಟು, ಆಮ್ಲವನ್ನು ಮುರಿಯುವ ಕ್ಷಾರೀಯ ರಸವನ್ನು ತರಿಸುತ್ತದೆ. ಎರಡನೆಯ ಮುಖ್ಯ ಹಾರ್ಮೋನು ಕೊಲೆಸಿಸ್ಟೊಕೈನಿನ್. ಕೊಬ್ಬು ಮತ್ತು ಪ್ರೋಟೀನಿನ ತುಣುಕುಗಳು ಕರುಳನ್ನು ಮುಟ್ಟಿದಾಗ ಅದು ಹೊರಟು, ಪಿತ್ತಕೋಶವನ್ನು ಹಿಂಡಿಸುತ್ತದೆ, ಟ್ರಿಪ್ಸಿನ್ ಮೊದಲಾದ ಕಿಣ್ವಗಳನ್ನು ಸುರಿಸುತ್ತದೆ. ಜೊತೆಗೆ ಈ ಎರಡೂ ಹಾರ್ಮೋನುಗಳು ಹಿಂದಕ್ಕೆ ಒಂದು ಮಾತು ಕಳುಹಿಸುತ್ತವೆ: ಸದ್ಯಕ್ಕೆ ಇಷ್ಟು ಸಾಕು, ನಿಧಾನಿಸು. ಕಾಲುವೆಯ ಕೊನೆ ಭಾಗದವರ ಗದ್ದೆ ತುಂಬಿದ ಸುದ್ದಿ ಬಂದಾಗ ನೀರುಗಂಟಿ ಮೇಲಿನ ತೂಬನ್ನು ಇಳಿಸುವಂತೆ ಹೊಟ್ಟೆಯ ಬಾಯಿ ಬಿಗಿಯಾಗುತ್ತದೆ.

ಇಲ್ಲಿ ಕುರಿಗೆ ಅದರದೇ ಆದ ಎರಡು ಗುಣಗಳಿವೆ. ಅದರ ಮೇದೋಜ್ಜೀರಕ ರಸ ಪ್ರಮಾಣದಲ್ಲಿ ಕಡಿಮೆ, ಕ್ಷಾರವೂ ಕಡಿಮೆ. ಆದ್ದರಿಂದ ಸುಮಾರು 25 ಮೀಟರ್ ಉದ್ದದ ಸಣ್ಣ ಕರುಳಿನಲ್ಲಿ ಮೇಲಿನ ಕೆಲವು ಮೀಟರ್‌ವರೆಗೂ ಒಳಗಿನ ದ್ರವ ಆಮ್ಲೀಯವಾಗಿಯೇ ಇರುತ್ತದೆ. ಎರಡನೆಯದಾಗಿ, ಪಿಷ್ಟವನ್ನು ಒಡೆಯುವ ಅಮೈಲೇಸ್ ಕಿಣ್ವ ಅದರಲ್ಲಿ ಅಲ್ಪ. ಹುಲ್ಲು ಮೇಯುವ ಪ್ರಾಣಿಯಲ್ಲಿ ಪಿಷ್ಟ ಕರುಳಿನವರೆಗೆ ತಲುಪುವುದೇ ಅಪರೂಪವಾಗಿದ್ದರಿಂದ ಅದರ ಅಗತ್ಯವೂ ಇರಲಿಲ್ಲ.

ಕೊಲೆಸಿಸ್ಟೊಕೈನಿನ್ ಹಸಿವನ್ನೂ ಅಡಗಿಸುತ್ತದೆ ಎಂಬುದಕ್ಕೆ ಗಟ್ಟಿಯಾದ ಸಾಕ್ಷಿ ಕುರಿಗಳಿಂದಲೇ ಬಂತು. 1979ರಲ್ಲಿ ಡೆಲ್ಲಾ ಫೆರಾ ಮತ್ತು ಬೇಲ್ ಎಂಬ ವಿಜ್ಞಾನಿಗಳು ಈ ಹಾರ್ಮೋನಿನ ಅತಿ ಸಣ್ಣ ಪ್ರಮಾಣವನ್ನು ಕುರಿಗಳ ಮಿದುಳಿನ ಕುಹರಗಳಿಗೆ ಹರಿಸಿದಾಗ ಅವು ಮೇವು ಬಿಟ್ಟವು. ಮುಂದೆ ಆ ಹಾರ್ಮೋನನ್ನು ಕಟ್ಟಿಹಾಕುವ ಪ್ರತಿಕಾಯಗಳನ್ನು ಅದೇ ಜಾಗಕ್ಕೆ ಬಿಟ್ಟಾಗ ಕುರಿಗಳು ಹೆಚ್ಚು ತಿಂದವು. ಹಾಗಿದ್ದರೆ ಮೆಕ್ಕೆಜೋಳದ ಹೊಲದಲ್ಲಿ ಕುರಿ ತನ್ನಷ್ಟಕ್ಕೆ ತಿನ್ನುವುದನ್ನು ಏಕೆ ನಿಲ್ಲಿಸುವುದಿಲ್ಲ? ಈ ಸಂದೇಶ ಹೊರಡಬೇಕಾದರೆ ಆಹಾರ ಕರುಳನ್ನು ತಲುಪಬೇಕು. ಹದಿನೈದು ಲೀಟರಿನ ಆಸುಪಾಸಿನ ಮೊದಲ ಹೊಟ್ಟೆಯನ್ನು ದಾಟಿ ಕಾಳು ಅಲ್ಲಿಗೆ ಹೋಗಲು ಗಂಟೆಗಳೇ ಬೇಕು. ಸಾಯುವಷ್ಟು ತಿನ್ನಲು ಹಸಿದ ಕುರಿಗೆ ಅಷ್ಟು ಹೊತ್ತು ಬೇಡ.

ಆಮೇಲೆ ನಡೆಯುವುದು ವೇಗದ ಆಟ. ಸ್ಟ್ರೆಪ್ಟೊಕಾಕಸ್ ಬೋವಿಸ್ ಎಂಬ ಬ್ಯಾಕ್ಟೀರಿಯಾ ಪಿಷ್ಟವನ್ನು ಹಿಡಿದು ಕೆಲವೇ ಗಂಟೆಗಳಲ್ಲಿ ಮಿತಿಮೀರಿ ಬೆಳೆದು ಲ್ಯಾಕ್ಟಿಕ್ ಆಮ್ಲವನ್ನು ಸುರಿಯುತ್ತದೆ. ಸಾಮಾನ್ಯವಾಗಿ 6ರಿಂದ 7ರ ನಡುವೆ ಇರುವ ಪಿಎಚ್ 5ಕ್ಕಿಂತ ಕೆಳಗಿಳಿಯುತ್ತದೆ. ನಾರು ಕರಗಿಸುವ ಜೀವಿಗಳು ಸಾಯುತ್ತವೆ. ಹೊಟ್ಟೆಯ ಗೋಡೆಯಲ್ಲಿರುವ ಗ್ರಾಹಕಗಳು ಆಮ್ಲವನ್ನು ಗುರುತಿಸಿ ವೇಗಸ್ ನರದ ಮೂಲಕ ಅಲೆಯನ್ನು ನಿಲ್ಲಿಸುತ್ತವೆ. ಇತ್ತ ಸ್ವಲ್ಪ ಸ್ವಲ್ಪವಾಗಿ ಕರುಳಿಗೆ ಇಳಿದ ಆಮ್ಲವೂ ಅದೇ ಕೆಲಸ ಮಾಡುತ್ತದೆ; ಸಣ್ಣ ಕರುಳಿಗೆ ಆಮ್ಲ ಬಿಟ್ಟರೆ ರೂಮೆನ್ ಚಲನೆ ಕುಗ್ಗುತ್ತದೆ ಎಂದು 1970ರ ದಶಕದಲ್ಲಿ ಕುರಿಗಳ ಮೇಲೆಯೇ ತೋರಿಸಲಾಗಿದೆ. ನಾಯಿಯಲ್ಲಾಗಲಿ ಮನುಷ್ಯನಲ್ಲಾಗಲಿ ಈ ತಡೆ ಒಳ್ಳೆಯದು. ಕರುಳು ಸಿದ್ಧವಾಗುವವರೆಗೆ ಊಟ ಹೊಟ್ಟೆಯಲ್ಲೇ ಉಳಿದರೆ ನಷ್ಟವಿಲ್ಲ. ಕುರಿಯಲ್ಲಿ ಉಳಿಯುವ ಜಾಗವೇ ಹುದುಗುವ ಜಾಗ. ತಡೆದಷ್ಟೂ ಹೊತ್ತು ಆಮ್ಲ ಹೆಚ್ಚುತ್ತಲೇ ಹೋಗುತ್ತದೆ. ಕರುಳನ್ನು ಕಾಯಲು ಇರುವ ಏರ್ಪಾಡು ಮೊದಲ ಹೊಟ್ಟೆಯನ್ನು ಕೊಲ್ಲುತ್ತದೆ. ಹೊಟ್ಟೆಯೊಳಗಿನ ದ್ರವ ಗಾಢವಾದಂತೆ ರಕ್ತದ ನೀರು ಒಳಕ್ಕೆ ಸೆಳೆಯಲ್ಪಡುತ್ತದೆ. ಕುರಿಯ ಕಣ್ಣು ಗುಳಿಬೀಳುತ್ತದೆ, ಹೊಟ್ಟೆ ಅಲುಗಾಡಿಸಿದರೆ ನೀರು ತುಳುಕಿದ ಸದ್ದು ಬರುತ್ತದೆ, ಹುಳಿ ವಾಸನೆಯ ಭೇದಿ ಶುರುವಾಗುತ್ತದೆ.

ಬದುವಿನ ಮೇಲೆ ಅಂಥ ಕುರಿಯ ಮರಣೋತ್ತರ ಪರೀಕ್ಷೆ ನಡೆಯುವಾಗ ಹತ್ತಿರ ನಿಂತು ನೋಡಬೇಕು. ಮೊದಲ ಹೊಟ್ಟೆಯನ್ನು ಸೀಳಿದರೆ ಹಸಿರು ಮೇವಿನ ಮುದ್ದೆ ಇರುವುದಿಲ್ಲ. ಬೂದು ಬಣ್ಣದ ತೆಳು ಗಂಜಿ, ಅದರ ತಳದಲ್ಲಿ ಇಡಿಇಡಿಯಾಗಿ ಹಳದಿ ಕಾಳು, ಮೂಗಿಗೆ ರಾಚುವ ಹುಳಿ ವಾಸನೆ. “ಡಾಕ್ಟರೇ, ನಿನ್ನೆ ಸಂಜೆ ಎಲ್ಲಕ್ಕಿಂತ ಮುಂದೆ ಇದ್ದದ್ದು ಇದೇ” ಎಂದು ಕುರಿಗಾಹಿ ಹೇಳುತ್ತಾನೆ. ಹೌದು, ಸಾಯುವುದು ಹೆಚ್ಚಾಗಿ ಬಡಕಲು ಕುರಿಯಲ್ಲ. ಗಟ್ಟಿಮುಟ್ಟಾದ, ಉಳಿದವನ್ನು ತಳ್ಳಿ ಮುಂದೆ ನುಗ್ಗಿ ತಿನ್ನುವ ಕುರಿ.

ಇದೇ ಹೊಲದಲ್ಲಿ ಎರಡನೆಯ ಸಾವೂ ಕಾದಿರುತ್ತದೆ. ಅದಕ್ಕೆ ನಮ್ಮಲ್ಲಿ ಕರುಳುಬೇನೆ ಎನ್ನುತ್ತಾರೆ. ಕ್ಲಾಸ್ಟ್ರಿಡಿಯಮ್ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ‘ಡಿ’ ಬಗೆ ಆರೋಗ್ಯವಂತ ಕುರಿಯ ಕರುಳಿನಲ್ಲೂ ಸ್ವಲ್ಪ ಇದ್ದೇ ಇರುತ್ತದೆ. ಜೀರ್ಣವಾಗದ ಪಿಷ್ಟ ಅಲ್ಲಿಗೆ ಜಾರಿ ಬಂದರೆ ಅದಕ್ಕೆ ಹಬ್ಬ. ಪಿಷ್ಟ ಒಡೆಯುವ ಅಮೈಲೇಸ್ ಅಲ್ಪವೆಂದು ಮೇಲೆಯೇ ಹೇಳಿದೆ. ಆ ಬ್ಯಾಕ್ಟೀರಿಯಾ ಎಪ್ಸಿಲಾನ್ ಎಂಬ ವಿಷದ ಪೂರ್ವರೂಪವನ್ನು ಬಿಡುತ್ತದೆ. ಹಾಗೆಯೇ ಇದ್ದರೆ ಅದರ ಶಕ್ತಿ ತೀರಾ ಕಡಿಮೆ. ಅದರ ತುದಿಯನ್ನು ಕತ್ತರಿಸಿ ಕೊಲ್ಲುವ ವಿಷವನ್ನಾಗಿ ಮಾಡುವುದು ಕುರಿಯದೇ ಟ್ರಿಪ್ಸಿನ್, ಅಂದರೆ ಕೊಲೆಸಿಸ್ಟೊಕೈನಿನ್ ಹೇಳಿ ಸುರಿಸಿದ ಅದೇ ಜೀರ್ಣರಸ. ಎಳೆ ಮರಿಗಳಲ್ಲಿ ಇದರ ತದ್ವಿರುದ್ಧ ನಡೆಯುತ್ತದೆ. ಅಲ್ಲಿ ಕಾಡುವ ಬೀಟಾ ವಿಷವನ್ನು ಟ್ರಿಪ್ಸಿನ್ ನಾಶ ಮಾಡುತ್ತದೆ. ಆದರೆ ಗಿಣ್ಣುಹಾಲಿನಲ್ಲಿ ಟ್ರಿಪ್ಸಿನ್ನನ್ನು ತಡೆಯುವ ಅಂಶವಿರುವುದರಿಂದ ಹುಟ್ಟಿದ ಕೆಲವು ದಿನ ಆ ರಕ್ಷಣೆ ಸಿಗುವುದಿಲ್ಲ. ಒಂದೇ ರಸ ಮರಿಯನ್ನು ಉಳಿಸಬಲ್ಲದು, ಬೆಳೆದ ಕುರಿಯನ್ನು ಕೊಲ್ಲಬಲ್ಲದು.

ಕರುಳಿನ ಚಲನೆ ಇಲ್ಲಿ ನಿರ್ಣಾಯಕ. ಸಣ್ಣ ಕರುಳಿನಲ್ಲಿ ಮೇಲಿನಿಂದ ಕೆಳಕ್ಕೆ ಗುಡಿಸಿಕೊಂಡು ಹೋಗುವ ಒಂದು ಸಂಕೋಚನದ ಅಲೆ ಇದೆ. ನಮ್ಮಲ್ಲಿ, ನಾಯಿಗಳಲ್ಲಿ ಅದು ಖಾಲಿ ಹೊಟ್ಟೆಯಲ್ಲಿ ಮಾತ್ರ ಓಡುತ್ತದೆ, ಊಟ ಮಾಡಿದೊಡನೆ ನಿಲ್ಲುತ್ತದೆ. ಕುರಿಯಲ್ಲಿ ಮೇಯುವಾಗಲೂ ಮಲಗಿದಾಗಲೂ ಸುಮಾರು ಒಂದೂವರೆ ಗಂಟೆಗೊಮ್ಮೆ ಅದು ಸಾಗುತ್ತಲೇ ಇರುತ್ತದೆ. ಫ್ರಾನ್ಸಿನ ಟುಲೂಸ್‌ನಲ್ಲಿ ರುಕೆಬುಷ್ ಮತ್ತು ಗ್ರಿವೆಲ್ 1972ರಲ್ಲಿ ಇದನ್ನು ವಿವರವಾಗಿ ದಾಖಲಿಸಿದರು. ಈ ಗುಡಿಸುವಿಕೆ ಸರಿಯಾಗಿರುವವರೆಗೆ ಹುಟ್ಟಿದ ಅಷ್ಟಿಷ್ಟು ವಿಷ ಮುಂದೆ ಸಾಗಿ ಹೊರಹೋಗುತ್ತದೆ. ಕರುಳು ತುಂಬಿ ಜಡವಾದರೆ ವಿಷ ನಿಂತಲ್ಲೇ ಕೂಡುತ್ತದೆ, ಗೋಡೆಯನ್ನು ಸಡಿಲಿಸಿ ರಕ್ತಕ್ಕೆ ಇಳಿಯುತ್ತದೆ, ಮಿದುಳಿನ ರಕ್ತನಾಳಗಳನ್ನು ಹಾಳು ಮಾಡುತ್ತದೆ. ಕುರಿ ತಲೆ ಹಿಂದಕ್ಕೆ ಬಾಗಿಸಿ, ಕಾಲು ಒದರಿ, ಕೆಲವು ಗಂಟೆಗಳಲ್ಲೇ ಹೋಗುತ್ತದೆ. ಗಾಬರಿಯ ಹಾರ್ಮೋನುಗಳು, ಮುಖ್ಯವಾಗಿ ಅಡ್ರಿನಾಲಿನ್, ಕರುಳನ್ನು ಇನ್ನಷ್ಟು ನಿಧಾನಿಸುತ್ತವೆ. ಲಾರಿಯಲ್ಲಿ ತುಂಬಿ ತಂದ, ನಾಯಿ ಅಟ್ಟಿಸಿದ ಹಿಂಡನ್ನು ಆ ದಿನವೇ ಕಾಳಿನ ಹೊಲಕ್ಕೆ ಬಿಡಬಾರದು ಎನ್ನುವುದಕ್ಕೆ ಇದು ಸಾಕಾದ ಕಾರಣ.

ಜಂತುಹುಳುವಿನ ವಿಷಯವನ್ನೂ ಇಲ್ಲಿಯೇ ಹೇಳಬೇಕು. ನಾಲ್ಕನೆಯ ಹೊಟ್ಟೆಯಲ್ಲಿ ಕೂತು ರಕ್ತ ಹೀರುವ ಹಿಮಾಂಕಸ್ ಹುಳು ನಮ್ಮ ಬಿಸಿಲುನಾಡಿನ ಮಳೆಗಾಲಕ್ಕೆ ಹೇಳಿ ಮಾಡಿಸಿದ್ದು. ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತ ಹೀರುತ್ತದೆ. ಸಾವಿರ ಹುಳುಗಳಿದ್ದರೆ 50 ಮಿಲಿಲೀಟರ್. ರಕ್ತಹೀನತೆ, ಗದ್ದದ ಕೆಳಗಿನ ನೀರುಬಾವು ಎಲ್ಲರಿಗೂ ಗೊತ್ತು. ಕಾಣದ ಹಾನಿ ಇನ್ನೊಂದಿದೆ. ಆಮ್ಲ ಸುರಿಸುವ ಜೀವಕೋಶಗಳು ಕೆಲಸ ಬಿಡುತ್ತವೆ. ಪ್ರೋಟೀನು ಒಡೆಯುವ ಪೆಪ್ಸಿನ್ ಆಮ್ಲವಿಲ್ಲದೆ ಸಿದ್ಧವಾಗುವುದಿಲ್ಲ. ಆಮ್ಲ ಕಡಿಮೆಯಾದದ್ದನ್ನು ಕಂಡು ಗ್ಯಾಸ್ಟ್ರಿನ್ ರಕ್ತದಲ್ಲಿ ಏರುತ್ತದೆ, ಏರಿದ ಗ್ಯಾಸ್ಟ್ರಿನ್ ಮೇಲಿನ ಹೊಟ್ಟೆಗಳನ್ನು ನಿಧಾನಿಸುತ್ತದೆ. ಇಂಥ ಕುರಿಗಳು ಮೇವಿದ್ದರೂ ತಿನ್ನುವುದಿಲ್ಲ. ‘ಎಷ್ಟು ಹಾಕಿದರೂ ಮೈಗೆ ಹತ್ತುವುದಿಲ್ಲ’ ಎಂಬ ದೂರಿಗೆ ಕಾಳು ಉತ್ತರವಲ್ಲ, ಹುಳುವಿನ ಔಷಧಿ ಉತ್ತರ. ಅದನ್ನೂ ಎಲ್ಲ ಕುರಿಗಳಿಗೆ ಕಣ್ಣುಮುಚ್ಚಿ ಕುಡಿಸುತ್ತ ಹೋದರೆ ಹುಳು ಔಷಧಿಗೆ ಬಗ್ಗದಾಗುತ್ತದೆ. ಕೆಳರೆಪ್ಪೆ ಎಳೆದು ನೋಡಿ, ಬಿಳಿಚಿಕೊಂಡಿರುವವನ್ನು ಮೊದಲು ಆರಿಸುವುದು ಒಳ್ಳೆಯ ಪದ್ಧತಿ.

ಬಕ್ರೀದ್‌ಗೆಂದು, ಜಾತ್ರೆಗೆಂದು ಟಗರು ಕಟ್ಟಿ ಮೇಯಿಸುವವರು ಈ ಜಿಲ್ಲೆಗಳಲ್ಲಿ ಹೆಚ್ಚುತ್ತಿದ್ದಾರೆ. ಅವರಿಗೆ ಉಪಯೋಗಕ್ಕೆ ಬರುವ ಒಂದು ಸಂಶೋಧನೆಯಿದೆ. ಹಸಿವನ್ನು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನು ಪತ್ತೆಯಾದದ್ದು 1999ರಲ್ಲಿ, ಜಪಾನಿನಲ್ಲಿ. ಅಲ್ಲಿಯ ಸಂಶೋಧಕರೇ 2002ರಲ್ಲಿ ಕುರಿಗಳಲ್ಲಿ ಅದನ್ನು ಅಳೆದರು. ನಿಗದಿತ ಹೊತ್ತಿಗೆ ಮೇವು ಹಾಕುವ ಕುರಿಗಳಲ್ಲಿ ಆ ಹೊತ್ತಿಗೆ ಸ್ವಲ್ಪ ಮುಂಚೆ ಗ್ರೆಲಿನ್ ಏರುತ್ತಿತ್ತು. ಯಾವಾಗಲೂ ಮುಂದೆ ಮೇವಿದ್ದ ಕುರಿಗಳಲ್ಲಿ ಹಾಗೆ ಏರುತ್ತಿರಲಿಲ್ಲ. ಕುರಿಯ ಮೈ ಹೊತ್ತನ್ನು ಕಲಿಯುತ್ತದೆ ಎಂದಾಯಿತು. ಇಂದು ಬೆಳಿಗ್ಗೆ ಎಂಟಕ್ಕೆ, ನಾಳೆ ಮಧ್ಯಾಹ್ನ ಎರಡಕ್ಕೆ ಬೊಗಸೆಗಟ್ಟಲೆ ಮೆಕ್ಕೆಜೋಳ ಸುರಿದರೆ ಹಸಿದ ಟಗರು ಅಗಿಯದೆ ನುಂಗುತ್ತದೆ. ಹೊತ್ತಿಗೆ ಸರಿಯಾಗಿ, ಮೊದಲು ಜೋಳದ ಕಣಿಕೆ ಅಥವಾ ಶೇಂಗಾ ಹೊಟ್ಟು, ಅದರ ಮೇಲೆ ಕಾಳು, ಅದನ್ನೂ ಎರಡು ಮೂರು ಪಾಲು ಮಾಡಿ ಕೊಡುವವರ ಟಗರು ಉಳಿಯುತ್ತದೆ. ಕಾಳಿನ ಪ್ರಮಾಣವನ್ನು ಏರಿಸಲು ಎರಡರಿಂದ ಮೂರು ವಾರ ಬೇಕು. ರೂಮೆನ್‌ನ ಜೀವಿಗಳು ಬದಲಾಗಲು ಹಿಡಿಯುವ ಕಾಲ ಅದು, ಅದಕ್ಕೆ ಅಡ್ಡದಾರಿಯಿಲ್ಲ.

ಬಯಲಿನ ಹಿಂಡಿಗೂ ಇದೇ ತತ್ವ. ಕಟಾವಾದ ಹೊಲಕ್ಕೆ ಇಳಿಸುವ ಮೊದಲು ಒಣ ಮೇವಿನಿಂದ ಅರ್ಧ ಹೊಟ್ಟೆ ತುಂಬಿಸಿ, ಮೊದಲ ದಿನ ಅರ್ಧ ಗಂಟೆಗಿಂತ ಹೆಚ್ಚು ಬಿಡದೆ, ದಿನದಿಂದ ದಿನಕ್ಕೆ ಹೊತ್ತನ್ನು ಹೆಚ್ಚಿಸಬೇಕು. ಉದುರಿದ ತೆನೆ ದಟ್ಟವಾಗಿದ್ದರೆ ಮೊದಲು ಆಳು ಬಿಟ್ಟು ಆರಿಸಿಕೊಳ್ಳುವುದು ಎರಡು ಕಡೆಯವರಿಗೂ ಲಾಭ. ಮೆಲುಕು ನಿಂತ ಕುರಿಯನ್ನು ಗುರುತಿಸಲು ಎಡಪಕ್ಕೆಯ ಮೇಲಿನ ಮುಷ್ಟಿಯೇ ಸಾಕು. ಅಲೆ ಸಿಗದಿದ್ದರೆ 1962ಕ್ಕೆ ಕರೆ ಮಾಡಿ. ಪಶು ಸಂಜೀವಿನಿ ವಾಹನ ಬರುವವರೆಗೆ ಕಾಳು ನಿಲ್ಲಿಸಿ, ನಡೆದಾಡಿಸಿ. ಅಡುಗೆ ಸೋಡಾ ಆಮ್ಲವನ್ನು ಮುರಿಯುತ್ತದೆ, ಆದರೆ ಒಮ್ಮೆಲೇ ಹೆಚ್ಚಾದರೆ ಅನಿಲ ತುಂಬಿ ಹೊಟ್ಟೆ ಉಬ್ಬುತ್ತದೆ. ಎಷ್ಟು ಕುಡಿಸಬೇಕು ಎಂಬುದನ್ನು ವೈದ್ಯರನ್ನು ಕೇಳಿಯೇ ಕುಡಿಸಬೇಕು. ಸಾರಾಯಿ, ಎಣ್ಣೆಗಳನ್ನು ಗಂಟಲಿಗೆ ಸುರಿಯುವುದು ಬೇಡ. ನಿತ್ರಾಣವಾದ ಕುರಿಯಲ್ಲಿ ಅದು ಶ್ವಾಸಕೋಶಕ್ಕೆ ಹೋಗುತ್ತದೆ.

ಸರ್ಕಾರದ ಕಡೆಯ ಕೆಲಸ ಇದಕ್ಕಿಂತ ದೊಡ್ಡದು. ಕರುಳುಬೇನೆಗೆ ಲಸಿಕೆಯಿದೆ, ಬೆಂಗಳೂರಿನ ಹೆಬ್ಬಾಳದ ಸಂಸ್ಥೆಯಲ್ಲಿ ತಯಾರಾಗುತ್ತದೆ. ಸಾಮಾನ್ಯವಾಗಿ ಮುಂಗಾರಿಗೆ ಮುಂಚೆ, ಎಳೆ ಹುಲ್ಲು ಚಿಗುರುವ ಕಾಲವನ್ನು ನೆನೆದು ಹಾಕುತ್ತಾರೆ. ಆ ಲೆಕ್ಕ ಮೆಕ್ಕೆಜೋಳ ಇಷ್ಟೊಂದು ಹಬ್ಬುವ ಮೊದಲಿನದು. ಮುಂಗಾರಿನ ನಂತರ ಹುಟ್ಟಿ, ಕಟಾವಿನ ಹೊತ್ತಿಗೆ ಮೇಯಲು ಕಲಿತ ಮರಿಗಳಿಗೆ ರಕ್ಷಣೆ ಇರುವುದಿಲ್ಲ. ಮೊದಲ ಸಲ ಲಸಿಕೆ ಪಡೆಯುವ ಕುರಿಗೆ ಎರಡು ಮೂರು ವಾರಗಳ ಅಂತರದಲ್ಲಿ ಎರಡನೆಯ ಚುಚ್ಚುಮದ್ದು ಬೇಕು. ಊರೂರು ಅಲೆಯುವ ಹಿಂಡಿಗೆ ಅದು ತಪ್ಪಿಹೋಗುವುದೇ ಹೆಚ್ಚು. ಹಿಂಡುಗಳು ಕಾಲುವೆಯ ಸೀಮೆಗೆ ಇಳಿಯುವ ಮೊದಲೇ, ಅಂದರೆ ಅಕ್ಟೋಬರ್ ಹೊತ್ತಿಗೆ, ಲಿಂಗಸುಗೂರು, ಕುಷ್ಟಗಿ, ಯಲಬುರ್ಗಾದ ಹಟ್ಟಿಗಳಲ್ಲಿ ಇನ್ನೊಂದು ಸುತ್ತು ಲಸಿಕೆ ನಡೆಯಬೇಕು. ಲಸಿಕೆ ಪಡೆದದ್ದು ಯಾವ ತಾಲ್ಲೂಕಿನಲ್ಲೇ ಆಗಲಿ, ಎರಡನೆಯ ಚುಚ್ಚುಮದ್ದು ಹಿಂಡು ಇರುವ ಊರಿನಲ್ಲೇ ಸಿಗುವಂತಾಗಬೇಕು.

ಕುರಿ ಸತ್ತರೆ ‘ಅನುಗ್ರಹ’ ಯೋಜನೆಯಲ್ಲಿ ಪರಿಹಾರ ಸಿಗುತ್ತದೆ, ಅದಕ್ಕೆ ಮರಣೋತ್ತರ ಪರೀಕ್ಷೆ ಆಗಲೇಬೇಕು. ಆ ಪರೀಕ್ಷೆಯಿಂದ ಪರಿಹಾರದ ಜೊತೆಗೆ ತಿಳಿವಳಿಕೆಯೂ ಹುಟ್ಟಬೇಕು. ಮೊದಲ ಹೊಟ್ಟೆಯ ದ್ರವಕ್ಕೆ ಪಿಎಚ್ ಪಟ್ಟಿ ಅದ್ದಿ ನೋಡಲು ಅರ್ಧ ನಿಮಿಷ ಸಾಕು. ಮೂತ್ರಕೋಶದ ಮೂತ್ರಕ್ಕೆ, ಔಷಧಿ ಅಂಗಡಿಯಲ್ಲಿ ಸಿಗುವ ಸಕ್ಕರೆ ಪರೀಕ್ಷೆಯ ಪಟ್ಟಿ ಮುಟ್ಟಿಸಿದರೆ ಕರುಳುಬೇನೆಯ ಸುಳಿವು ಸಿಗುತ್ತದೆ, ಏಕೆಂದರೆ ಆ ವಿಷ ಕುರಿಯ ರಕ್ತದ ಸಕ್ಕರೆಯನ್ನು ಏರಿಸಿ ಮೂತ್ರಕ್ಕೆ ಇಳಿಸುತ್ತದೆ. ಮೂತ್ರಪಿಂಡ ಬೆರಳಿಗೆ ಮೆತ್ತಗೆ ಸಿಕ್ಕಿದರೆ ಅದನ್ನೂ ಬರೆದಿಡಬೇಕು, ಆದರೆ ಸತ್ತು ಹೆಚ್ಚು ಹೊತ್ತಾಗಿದ್ದರೆ ಅದನ್ನು ನಂಬುವಂತಿಲ್ಲ. ಸಣ್ಣ ಕರುಳಿನ ದ್ರವಕ್ಕೆ ಎರಡು ಹನಿ ಕ್ಲೋರೊಫಾರ್ಮ್ ಹಾಕಿ ಪ್ರಯೋಗಾಲಯಕ್ಕೆ ಕಳುಹಿಸಿದರೆ ವಿಷದ ಬಗೆ ಖಚಿತವಾಗುತ್ತದೆ. ಪ್ರತಿ ಅರ್ಜಿಯ ಜೊತೆಗೆ ಈ ನಾಲ್ಕು ಸಾಲು, ಹಿಂದಿನ ದಿನ ಕುರಿ ಮೇಯ್ದ ಬೆಳೆಯ ಹೆಸರು, ಕೊನೆಯ ಲಸಿಕೆಯ ತಾರೀಖು ದಾಖಲಾದರೆ, ಮುಂದಿನ ಕಟಾವಿಗೆ ಮೊದಲು ಯಾವ ಹೋಬಳಿಗೆ ಎಷ್ಟು ಲಸಿಕೆ ಕಳುಹಿಸಬೇಕು ಎಂಬುದನ್ನು ಜಿಲ್ಲಾ ಕಚೇರಿ ಅಂದಾಜಿಲ್ಲದೆ ನಿರ್ಧರಿಸಬಹುದು.